ಮೊಳೆ ಮಾವನ ನೆಲಗಟ್ಟು

ಮೊಳೆ ಮಾವನ ತಾತ ಹೊಳೆಗೆ ಮರದ ಸೇತುವೆ ಕಟ್ಟಿದವರು. ಮಹಾಪೂರ ಬಂದು ಸೇತುವೆ ಕೊಚ್ಚಿಹೋದಾಗಲೂ ಹಲಗೆಗಳು ಒಂದನ್ನೊಂದು ಬಿಡದೆ ಹಿಂಡಾಗಿಯೇ ತೇಲಿದವಂತೆ! ಅಪ್ಪ ಒಬ್ಬ ಮದುಮಗಳ ಪೆಟ್ಟಿಗೆಗೆ ಮೊಳೆ ಹೊಡೆದುಕೊಟ್ಟರೆ, ಆಕೆ ಅಜ್ಜಿಯಾದರೂ ಅದರ ಮುಚ್ಚಳ ತೆರೆಯಲಾಗಲಿಲ್ಲ. ಇಂಥ ವಂಶದ ಕುಡಿ, ಮಹಡಿ ಕೋಣೆಯ ಹಳೆಯ ಮರದ ನೆಲ ಕಿರುಗುಟ್ಟುವುದನ್ನು ಸಹಿಸುವುದುಂಟೆ?

ಅದರ ಮೇಲೆ ಹೊಸ ನೆಲಹಾಸು ಹಾಕಲು ಸಂಜೆ ಬಡಗಿ ಬಾಮೈದ ಬರುವವನಿದ್ದ. ಅಷ್ಟರೊಳಗೆ ನೆಲವನ್ನು ಹದ ಮಾಡಿಟ್ಟು, "ಭಾವನಿಗೆ ಸುತ್ತಿಗೆ ಹಿಡಿಯೋಕೇ ಬರಲ್ಲ" ಎಂದು ಮೂವತ್ತು ವರ್ಷದಿಂದ ಆಡಿಕೊಳ್ಳುತ್ತಿದ್ದ ಅವನ ಬಾಯಿ ಮುಚ್ಚಿಸಬೇಕು!

"ಭಾವ, ಮೊದಲು ಬಾಗಿಲು ಕಳಚಿಡಿ," ಎಂದಿದ್ದ ಅವನು ಫೋನಿನಲ್ಲಿ.

"ನೆಲದ ಕೆಲಸಕ್ಕೆ ಬಾಗಿಲ ಉಸಾಬರಿ ಯಾಕಯ್ಯಾ?"

ಹೆಂಡತಿಯ ಆಜ್ಞೆ ಬೇರೆ: "ಧೂಳು ಆಚೆ ಬಂತೋ, ನಿಮ್ಮನ್ನ ಆಚೆ ಬಿಡಲ್ಲ!"

ಮಾವ ಬಾಗಿಲು ಮುಚ್ಚಿಕೊಂಡು ಕೂತರು. ಎದ್ದ ಮೊಳೆಗಳ ತಲೆ ಬಡಿದರು. ಹಳೆಯ ಅಂಟು ಕೆರೆದರು. ಉಬ್ಬಿದ ಹಲಗೆಗಳನ್ನು ಉಜ್ಜುಗೊರಡಿನಿಂದ ಹೆರೆದು ಮಟ್ಟ ಮಾಡಿದರು. ಮೇಲೆ ಅರ್ಧ ಬೆರಳು ದಪ್ಪದ ಪ್ಲೈವುಡ್ ಹಾಸಿ, ಗೋಡೆಯಿಂದ ಗೋಡೆಗೆ, ಬಾಗಿಲ ಬುಡದವರೆಗೆ, ಇನ್ನೂರು ಮೊಳೆ ಜಡಿದರು! ಎದ್ದು ಕುಣಿದರೂ ನೆಲ ಚಕಾರ ಎತ್ತಲಿಲ್ಲ.

"ಬಾರೇ, ನೋಡು! ಆ ಬ್ರಹ್ಮನೂ ಕೀಳಲಾರ!"

"ಬಾಗಿಲು ತೆಗೀರಿ ಮತ್ತೆ."

ಮಾವ ಎಳೆದರು. ಒಳಕ್ಕೆ ತೆರೆಯುವ ಬಾಗಿಲು ಕೂದಲೆಳೆಯಷ್ಟೂ ಮಿಸುಕಲಿಲ್ಲ. ಬಗ್ಗಿ ನೋಡಿದರೆ, ಅದರ ಕೆಳಗೆ ಇರುವೆ ನುಸುಳುವಷ್ಟು ಸಂದಿ. ಎದುರಿಗೆ ಗೋಡೆಯಂತೆ ಪ್ಲೈವುಡ್ಡಿನ ಅಂಚು! ಒಂದು ಮೊಳೆಯನ್ನಾದರೂ ಕೀಳಲು ಹೋದರು. ಸುತ್ತಿಗೆಯ ಹಿಡಿಯೇ ಮುರಿದು ಕೈಗೆ ಬಂತು. ಕಿಟಕಿಗೆ ಕಂಬಿ.

ಮೆಟ್ಟಿಲ ಮೇಲೆ ಬಾಮೈದನ ಹೆಜ್ಜೆ ಕೇಳಿಸಿತು. ಆಮೇಲೆ ಅಕ್ಕ-ತಮ್ಮನ ಕಿಸಕಿಸ ನಗು.

"ಭಾವ, ನೆಲ ಹೆಂಗಿದೆ?"

"ಬಂಡೆ!"

"ನೋಡೋಣ ಅಂದ್ರೆ ದಾರಿ ಇಲ್ವಲ್ಲ. ಬಾಗಿಲ ಬುಡ ಒಂಚೂರು ಕುಯ್ದುಬಿಡ್ಲಾ? ಎರಡು ನಿಮಿಷದ ಕೆಲಸ."

ಮಾವ ಮುರಿದ ಸುತ್ತಿಗೆಯ ಹಿಡಿಯನ್ನು ಮೂಲೆಗೆ ಎಸೆದರು. ಕುಯ್ದರೆ ಇನ್ನೂ ಮೂವತ್ತು ವರ್ಷ ಅದೇ ಕಥೆ ಕೇಳಬೇಕು.

"ಗರಗಸ ಮುಟ್ಟಿದ್ರೆ ನೋಡು!" ಎಂದು ಗುಡುಗಿದರು ಮಾವ. "ಯಾರ ಸಹಾಯಾನೂ ಬೇಡ ನಂಗೆ. ನೆಲದ ಗಟ್ಟಿತನ ಪರೀಕ್ಷೆ ಮಾಡ್ತಿದೀನಿ, ನಾಲ್ಕು ದಿನ ಹಿಡಿಯುತ್ತೆ. ನೀನು ಮನೆಗೆ ಹೋಗು! ಏ ಇವಳೇ, ಕಿಟಕಿ ಕೆಳಗೆ ನಿಂತ್ಕೋ, ಹಗ್ಗ ಇಳಿಬಿಡ್ತೀನಿ, ಚಹಾ ಕಟ್ಟು!"