ನವಿಲು ಕೆತ್ತದ ಕಾಕಾ

ಬಂದ ಗಿರಾಕಿಯ ಜೊತೆ ವಾದ ಮಾಡಿ, ಕೇಳಿದ್ದನ್ನು ಕೊಡದೆ, ಆದರೂ ಗಡಿಗೆ ಮಾರುತ್ತಿದ್ದ ಕುಂಬಾರರು ಇಡೀ ಕಲಬುರಗಿಯಲ್ಲಿ ನಮ್ಮ ಕಾಕಾ ಒಬ್ಬರೇ ಇರಬೇಕು. ಅವರ ಕೊನೆಯ ಸಾದಾ ದಿನವೂ ಹಾಗೇ ಹೋಯಿತು. ಕಮಲಾಪುರದಿಂದ ಬಸ್ಸಿನಲ್ಲಿ ಬಂದು, ಸೂಪರ್ ಮಾರ್ಕೆಟ್‌ನ ನನ್ನ ಸ್ಟೇಷನರಿ ಅಂಗಡಿಯ ಮುಂದೆ ಗಡಿಗೆ ಹರವಿಕೊಂಡು ಕೂತಿದ್ದರು.

"ಮಗಳ ಮದುವಿ ಅದರಿ. ನವಿಲು ಕೆತ್ತಿಕೊಡ್ರಿ," ಎಂದರು ಒಬ್ಬ ಹೆಣ್ಣುಮಗಳು.

"ಈ ವಾರ ನಾ ನವಿಲು ನೋಡಿಲ್ರಿ. ಬಸವನಹುಳ ನೋಡೀನಿ."

"ಮದುವಿಗಿ ಬಸವನಹುಳ ಏನ್ರಿ?"

"ನಿಧಾನ ಇರ್ತದ, ಮನಿ ಬಿಟ್ಟು ಹೋಗಂಗಿಲ್ಲ. ಅಳಿಯಾ ಹಂಗಿದ್ರ ಛಲೋ ಅಲ್ಲೇನ್ರಿ?"

ಆಕೆ ನಕ್ಕು, ಐದು ಗಡಿಗೆಗೆ ಹೇಳಿ ಹೋದರು!

ನಿಸರ್ಗದಲ್ಲಿ ಕಂಡದ್ದನ್ನು ಬಿಟ್ಟು ಕಾಕಾ ಬೇರೇನೂ ಕೆತ್ತುತ್ತಿರಲಿಲ್ಲ. ಗಡಿಗೆ ಅರೆ ಒಣಗಿದಾಗ ಹಳೆಯ ಛತ್ರಿಯ ಕಡ್ಡಿಯಿಂದ ಬಾಳೆ ಎಲೆ, ಇರುವೆ ಸಾಲು, ಒಮ್ಮೆ ಬಾಳೆಗಿಡಕ್ಕೆ ಕಟ್ಟಿದ್ದ ಹಗ್ಗವನ್ನೂ ಕೆತ್ತಿದ್ದರು. "ಹಗ್ಗ ನಿಸರ್ಗ ಏನು ಕಾಕಾ?" ಎಂದೆ. "ಕಟ್ಟಿದಾಂವ ನಾನು. ನಾ ನಿಸರ್ಗ ಅಲ್ಲೇನು?"

ಆ ಬಸವನಹುಳದ ಮಾತಿನ ಮರುದಿನ ಬೆಳಿಗ್ಗೆ ಕಾಕಾ ಏಳಲಿಲ್ಲ.

ಅವರ ಅಂತ್ಯಕರ್ಮ ಮುಗಿಸಿ ನೋಡಿದರೆ ಕಮಲಾಪುರದ ಮನೆಯ ಚಪ್ಪರದ ಕೆಳಗೆ ಹನ್ನೊಂದು ಗಡಿಗೆ ಸುಡದೆ ಉಳಿದಿದ್ದವು. ಒಂದು ಮಳೆ ಬಿದ್ದರೆ ಕಾಕಾ ಕೆತ್ತಿದ ಕೊನೆಯದೆಲ್ಲ ಕೆಸರು. ಸುಡುವುದು ನನಗೆ ಬರದು. ಅವರ ಹೆಂಡತಿ, ನಮ್ಮ ಕಾಕು, ನೋಡಿದ್ದರೇ ಹೊರತು ಮಾಡಿರಲಿಲ್ಲ.

"ಮೋಡ ಆಗ್ಯಾದ ಕಾಕು, ಇವತ್ತೇ ಬೆಂಕಿ ಹಚ್ಚೋಣು," ಎಂದೆ.

ಕಾಕು ಒಂದು ಗಡಿಗೆ ಎತ್ತಿ ಕೆನ್ನೆಗೆ ಹಚ್ಚಿಕೊಂಡರು. "ತಂಪ ಹತ್ತಾಕತ್ತದ. ಒಳಗ ಇನ್ನಾ ಹಸಿ ಅದ. ಈಗ ಸುಟ್ರ ಒಡೀತಾವ."

"ನಿಮಗ ಇದು ಯಾರು ಹೇಳ್ಯಾರ?"

"ಯಾರು ಹೇಳಬೇಕು? ನಲವತ್ತು ವರ್ಷ ನಿಮ್ಮ ಕಾಕಾನ ಕೆನ್ನಿ ಮ್ಯಾಲಿನ ಮಣ್ಣು ಒರೆಸೀನಿ."

ಮೂರು ದಿನ ಗಡಿಗೆಗಳು ಮನೆಯೊಳಗೆ ನೆಂಟರ ಹಾಗೆ ಕೂತವು; ನಾವು ಅವುಗಳ ನಡುವೆ ಕಾಲೆತ್ತಿ ಕಾಲಿಟ್ಟು ಓಡಾಡಿದೆವು. ನಾಲ್ಕನೇ ದಿನ ಕೆನ್ನೆಗೆ ತಂಪು ಹತ್ತಲಿಲ್ಲ. ಗಡಿಗೆಗಳನ್ನು ಅಂಗಳಕ್ಕೆ ತಂದು, ಸಗಣಿಯ ಕುಳ್ಳು, ಹುಲ್ಲು ಮುಚ್ಚಿ ಬೆಂಕಿ ಇಟ್ಟೆವು.

ಮರುದಿನ ಬೂದಿ ಸರಿಸಿ ಒಂದೊಂದನ್ನೇ ಹೊರತೆಗೆದು ಬೆರಳಿನಿಂದ ತಟ್ಟಿದರು ಕಾಕು. ಹನ್ನೊಂದೂ ಗಟ್ಟಿಯಾಗಿ ದನಿ ಕೊಟ್ಟವು. ಅವರು ಬೂದಿಯಲ್ಲೇ ಕೂತುಬಿಟ್ಟರು. ಎಷ್ಟೋ ದಿನಗಳ ಮೇಲೆ ನನಗೆ ಹೊಟ್ಟೆ ಹಸಿಯಿತು.

ಹನ್ನೊಂದನೆಯದರ ಮೇಲೆ ಕಾಕಾ ಅರ್ಧಕ್ಕೆ ಬಿಟ್ಟ ಒಂದು ದಂಟು ಮಾತ್ರ ಇತ್ತು. "ಬಣ್ಣ ತಂದು ಒಂದು ಹೂವು ಬರೀಲೇನು?" ಎಂದೆ.

"ನಿಮ್ಮ ಕಾಕಾ ಅವತ್ತು ಏನು ನೋಡಿದ್ರೋ, ನಿನಗ ಗೊತ್ತದೇನು?"

"ಇಲ್ಲ."

"ಹಂಗಾದ್ರ ಇರಲಿ ಬಿಡು."

ಇವತ್ತಿಗೂ ಆ ದಂಟಿನ ತುದಿಯಲ್ಲಿ ಏನೂ ಇಲ್ಲ.