ಬೆಣ್ಣೆ ಹಚ್ಚಿದ ಮೀನೂ ನನ್ನ ಚರ್ಮವೂ

ಮೀನನ್ನು ಬತ್ತಲೆಯಾಗಿ ತಟ್ಟೆಗೆ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ, ತೆಂಗಿನಕಾಯಿ ನುಣ್ಣಗೆ ಅರೆದು ಮೈತುಂಬ ಹೊದೆಸಿದರೆ ಅದಕ್ಕೂ ಮರ್ಯಾದೆ, ತಿನ್ನುವವರಿಗೂ ಮರ್ಯಾದೆ. ನಾನು ಓದಿದವಳಲ್ಲ. ರೈಲಿನ ಬೋರ್ಡು, ಮಾತ್ರೆಯ ಹೆಸರು ಕೂಡಿಸಿ ಕೂಡಿಸಿ ಓದುತ್ತೇನೆ, ಅಷ್ಟೆ. ಆದರೆ ಠಾಣೆ ಪಟ್ಟಣದ ವರ್ತಕ ನಗರದ ನಮ್ಮ ಮನೆಯಲ್ಲಿ ಮೀನಿನ ವಿಷಯಕ್ಕೆ ನನ್ನದೇ ಕಡೆಯ ಮಾತು. ಬೇರೆ ಯಾವ ವಿಷಯಕ್ಕೂ ನನ್ನನ್ನು ಯಾರೂ ಕೇಳುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಿವಿಯ ರಿಮೋಟು ನನ್ನ ಕೈಗೆ ಬರುವುದು ಅದರ ಸೆಲ್ ಮುಗಿದ ಮೇಲೆ.

ಹೀಗಿರುವಾಗ ಮೊಮ್ಮಗಳು ನಿಶಾ ಒಬ್ಬ ಹುಡುಗನನ್ನು ಒಪ್ಪಿಕೊಂಡಳು. ಹೆಸರು ಅಮೇಯ, ಡೊಂಬಿವಲಿಯ ಮರಾಠಿ ಹುಡುಗ. ಇಬ್ಬರಿಗೂ ಖಾರಘರದ ಒಂದೇ ಆಫೀಸಿನಲ್ಲಿ ಕೆಲಸ. ಎತ್ತರ ಇದ್ದಾನೆ, ಬಂದ ಕೂಡಲೇ ಕಾಲು ಮುಟ್ಟುತ್ತಾನೆ. ಕೊರತೆ ಒಂದೇ, ಖಾರ ತಡೆಯುವುದಿಲ್ಲ. ಹಿಂದೊಮ್ಮೆ ನನ್ನ ಬಂಗುಡೆ ಮೀನಿನ ಖಾರದ ಪುಳಿಮುಂಚಿ ತಿಂದು ಅತ್ತುಬಿಟ್ಟಿದ್ದ. ಮನೆಯ ಮೇಲಿನ ಪ್ರೀತಿಯಿಂದ ಅಳುತ್ತಾನೆಂದು ನಾನು ಇನ್ನೊಂದು ಸೌಟು ಬಡಿಸಿದ್ದೆ. ಈಗ ಅವನ ತಾಯಿ ಸುಲಭಾತಾಯಿ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುವುದೆಂದಾಯಿತು. ಆಕೆ ಹೂಂ ಎಂದರೆ ಮದುವೆ, ಇಲ್ಲವೆಂದರೆ ಇಲ್ಲ. ಹುಡುಗ ತಾಯಿಯ ಮಾತು ಮೀರುವವನಲ್ಲ.

"ಅಜ್ಜೀ, ಇಸ್ ಬಾರ್ ಮೈ ಬನಾಊಂಗಿ, ಈ ಸಲ ಅಡುಗೆ ನಂದು," ಎಂದಳು ನಿಶಾ. "ಬೇಕ್ಡ್ ಫಿಶ್, ಮೋಸಂಬಿ-ಲೆಮನ್ ಬಟರ್ ಸಾಸ್. ನೀನು ಸುಮ್ನೆ ಕೂತು ನೋಡು."

ನಮ್ಮ ಮನೆಯಲ್ಲಿ ಓವನ್ ಇದೆ. ಸುಧಾಕರ, ಎಂದರೆ ನನ್ನ ಮಗ, ದೀಪಾವಳಿ ಸೇಲಿನಲ್ಲಿ ತಂದದ್ದು. ಬಂದ ದಿನದಿಂದ ಅದರೊಳಗೆ ಹಪ್ಪಳದ ಡಬ್ಬಿ, ನೀರ್‌ದೋಸೆಯ ಕಾವಲಿ, ಮಡಚಿಟ್ಟ ಪ್ಲಾಸ್ಟಿಕ್ ಚೀಲಗಳು ಸುಖವಾಗಿದ್ದವು. ಗಾಜಿನ ಬಾಗಿಲಿನ ಕಪಾಟು ಎಂದೇ ನಾನು ತಿಳಿದಿದ್ದೆ. ನಿಶಾ ಅಷ್ಟನ್ನೂ ತೆಗೆದು ನನ್ನ ಹಾಸಿಗೆಯ ಮೇಲೆ ಹಾಕಿದಳು. ಆಮೇಲೆ ಮೀನು ಬಂತು, ಪಾಕೀಟಿನಲ್ಲಿ. ತಲೆ ಇಲ್ಲ, ಬಾಲ ಇಲ್ಲ, ಮುಳ್ಳಿಲ್ಲ, ಚರ್ಮವೂ ಇಲ್ಲ. ಕಿವಿರು ಎತ್ತಿ ನೋಡದೆ ನಾನು ಇವತ್ತಿನವರೆಗೆ ಮೀನು ಕೊಂಡವಳಲ್ಲ. ಇದರಲ್ಲಿ ಎತ್ತುವುದಕ್ಕೆ ಏನಿದೆ?

"ಇದು ಮೀನಂತ ಹೇಗೆ ಗೊತ್ತು?" ಎಂದೆ.

"ಪಾಕೀಟಿನ ಮೇಲೆ ಬರ್ದಿದೆ ಅಲ್ವಾ, ಅಜ್ಜಿ."

"ನನ್ನ ಬೆನ್ನಿಗೂ ರಂಭೆ ಅಂತ ಬರ್ದು ಅಂಟಿಸು. ಆಗ್ತೇನಾ ನೋಡುವ."

ಸೊಸೆ ವಿನೋದಾ ಒಳಗೆ ಹೋಗಿ ನಕ್ಕು ಬಂದಳು. ಅಷ್ಟರವರೆಗೆ ನಾನೂ ತಮಾಷೆಯಾಗಿಯೇ ಇದ್ದೆ. ಯಾವಾಗ ನಿಶಾ ಬೆಣ್ಣೆಯ ಇಡೀ ಪೊಟ್ಟಣ ಬಿಚ್ಚಿದಳೋ ಆಗ ನಾನು ಎದ್ದು ನಿಂತೆ. ಮೀನು ಮತ್ತು ಹಾಲು ಒಂದೇ ಹೊಟ್ಟೆಗೆ ಹೋದರೆ ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ ಎಂದು ನನ್ನ ಅಜ್ಜಿ ಹೇಳಿದ್ದಳು, ಅವಳಿಗೆ ಅವಳ ಅಜ್ಜಿ. ಮೀನು ಮಾಡಿದ ದಿನ ನಮ್ಮಲ್ಲಿ ಮಜ್ಜಿಗೆಯ ಪಾತ್ರೆಗೆ ರಜೆ. "ಅದೆಲ್ಲ ಸುಳ್ಳು ಅಂತ ಡಾಕ್ಟರೇ ಹೇಳ್ತಾರೆ, ಅಜ್ಜಿ. ಮತ್ತೆ ಮಚ್ಚೆ ಬಂದ್ರೂ ಎಂತ ಆಗ್ತದೆ? ನಮ್ಮ ಮ್ಯಾನೇಜರ್ ಮೇಡಂಗೆ ಇದೆ, ನಮಗೆಲ್ಲ ಅವರೇ ಬಾಸ್," ಎಂದಳು ನಿಶಾ. ಡಾಕ್ಟರಿಗೆ ಅಜ್ಜಿ ಇರಲಿಲ್ಲವೋ ಏನೋ. ಪೊಟ್ಟಣ ಕಸಿದುಕೊಳ್ಳುವ ಹಾಗೂ ಇರಲಿಲ್ಲ. ಹುಡುಗಿಯ ಮದುವೆಯ ಪ್ರಶ್ನೆ.

ಭಾನುವಾರ ಸುಲಭಾತಾಯಿ ಮಗನ ಜೊತೆ ಬಂದರು. ಹಸಿರು ಸೀರೆ, ಗಟ್ಟಿ ಹೆಂಗಸು, ಪರ್ಸಿಗೆ ಕೂಡ ಬೀಗ. ನಿಶಾ ಮೀನಿನ ತಟ್ಟೆ ತಂದಿಟ್ಟಳು. ಬಿಳಿ ತುಂಡುಗಳು, ಮೇಲೆ ಮೋಸಂಬಿಯ ಬಿಲ್ಲೆಗಳು, ಸುತ್ತ ಹಳದಿ ಬೆಣ್ಣೆ ಕೆರೆಯಂತೆ. ನಮ್ಮಲ್ಲಿ ಮೋಸಂಬಿ ಕೊಡುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ಮೀನಿಗೂ ಅದೇ ಗತಿ ಬಂತೇ ಎಂದುಕೊಂಡೆ. ಸುಲಭಾತಾಯಿ ಬಗ್ಗಿ ಮೂಸಿ ನೋಡಿದರು. ಅವರ ಕೈ ಗಾಳಿಯಲ್ಲೇ ನಿಂತಿತು.

"ಮಾಶಾಬರೋಬರ್ ಲೋಣಿ?" ಎಂದರು. ಮೀನಿನ ಜೊತೆ ಬೆಣ್ಣೆಯೇ?

ಅವರಿಗೂ ಒಬ್ಬಳು ಅಜ್ಜಿ ಇದ್ದಳೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಬೇಡವೆಂದರೆ ಹುಡುಗಿಯ ಕೈಯಡುಗೆಗೆ ಅವಮಾನ, ತಿಂದರೆ ಮಚ್ಚೆ. ಅವರು ನಯವಾಗಿ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಆಧೀ ತುಮ್ಹೀ ಘ್ಯಾ, ಆಜೀ. ಹಿರಿಯರು ಮೊದಲು," ಎಂದರು. ನಾನು "ಛೇ ಛೇ, ಮನೆಗೆ ಬಂದ ಪಾವಣೆ ಮೊದಲು," ಎಂದು ವಾಪಸು ತಳ್ಳಿದೆ. ತಟ್ಟೆ ಮೇಜಿನ ಮೇಲೆ ಕಲ್ಯಾಣ್ ಲೋಕಲ್ ರೈಲಿನಂತೆ ಅಪ್, ಡೌನ್ ಓಡಾಡಿತು. ನಿಶಾಳ ಮುಖ ಮೀನಿಗಿಂತ ಬೆಳ್ಳಗಾಯಿತು. ಅಮೇಯ ತನ್ನ ಪಾಲು ತಿಂದು ಮುಗಿಸಿ ಇನ್ನೊಂದು ತುಂಡು ಹಾಕಿಕೊಂಡಿದ್ದ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಬೆಣ್ಣೆ ಎಂದರೆ ಹಾಲೇ ಹೌದೋ ಅಲ್ಲವೋ ಎಂಬ ಚರ್ಚೆ ಶುರುವಾಯಿತು. "ತುಪ್ಪದಲ್ಲಿ ಸಿಗಡಿ ಘೀ ರೋಸ್ಟ್ ತಿನ್ನುದಿಲ್ವಾ ನಾವು? ತುಪ್ಪ ಬಂದದ್ದು ಎಲ್ಲಿಂದ?" ಎಂದ ಸುಧಾಕರ. ತುಪ್ಪಕ್ಕೆ ಬೆಂಕಿ ತಾಗಿದೆ, ದೋಷ ಸುಟ್ಟುಹೋಗಿದೆ ಎಂದೆ ನಾನು. ಬೆಣ್ಣೆ ಅರ್ಧ ದಾರಿಯಲ್ಲಿರುವುದು, ಅದೇ ಅಪಾಯ ಎಂದರು ಸುಲಭಾತಾಯಿ. ಎಷ್ಟು ಬೆಂಕಿಗೆ ಬೆಣ್ಣೆ ತುಪ್ಪವಾಗುತ್ತದೆ, ಓವನ್‌ನ ಬೆಂಕಿ ಬೆಂಕಿಯೇ ಹೌದೇ, ಜ್ವಾಲೆ ಕಾಣುವುದಿಲ್ಲವಲ್ಲ ಎಂದೆಲ್ಲ ಮಾತಾಯಿತು. ಮದುವೆಯ ಸುದ್ದಿ ಯಾರೂ ಎತ್ತಲಿಲ್ಲ. ನಿಶಾಳ ಕಣ್ಣಲ್ಲಿ ನೀರು ನೋಡಿ ನನಗೆ ರೇಗಿತು. ಅಳುವವರ ಎದುರು ಕೂರುವುದು ನನಗೆ ಆಗದು.

"ಈ ಸುಕ್ಕು ಚರ್ಮಕ್ಕೆ ಮಚ್ಚೆ ಬಂದ್ರೆ ಕೂರಲಿಕ್ಕೆ ಜಾಗ ಬೇಕಲ್ಲ," ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡೆ.

ಎಲ್ಲರೂ ನನ್ನ ಮುಖವನ್ನೇ ನೋಡಿದರು. ಸುಲಭಾತಾಯಿ ಸ್ವಲ್ಪ ಹೊತ್ತು ಕಾದು, ಏನೂ ಏಳದ್ದನ್ನು ಕಂಡು, ತೀರ್ಪು ಹೇಳಿದರು. "ಚಾಂಗ್ಲಂ, ಒಳ್ಳೆಯದು. ಒಂದು ತಿಂಗಳು ಹೋಗಲಿ. ಆಜೀಗೆ ಏನೂ ಆಗದಿದ್ದರೆ ಮುಂದಿನ ಮಾತು. ಈ ಹುಡುಗಿ ನಮ್ಮ ಮನೆಗೆ ಬಂದು ಇದನ್ನೇ ಮಾಡುವವಳಲ್ಲವೇ?"

ಹೀಗೆ ನಿಶಾಳ ಮದುವೆ ನನ್ನ ಚರ್ಮದ ಮೇಲೆ ನಿಂತಿತು. ಆ ಒಂದು ತಿಂಗಳು ನಾನು ಕಂಡ ವೈಭೋಗ ನನ್ನ ಬಾಣಂತನದಲ್ಲೂ ಕಂಡಿರಲಿಲ್ಲ. ವಿನೋದಾ ದಿನವೂ ಕೊಬ್ಬರಿ ಎಣ್ಣೆ ತಿಕ್ಕಿದಳು. ಬಿಸಿಲಿಗೆ ಹೋಗಬೇಡ ಎಂದ ಸುಧಾಕರ. ಡೊಂಬಿವಲಿಯಿಂದ ವಿಡಿಯೋ ಕಾಲ್ ಬರುತ್ತಿತ್ತು: "ಆಜೀ, ಹಾತ್ ದಾಖವಾ." ನಾನು ಕೈ ತೋರಿಸುತ್ತಿದ್ದೆ, ಮೊದಲು ಅಂಗೈ, ಆಮೇಲೆ ಕೈಯ ಹಿಂಬದಿ. ಒಂದು ಬೆಳಿಗ್ಗೆ ಮೊಣಕೈಯಲ್ಲಿ ಬೆಳ್ಳಗೆ ಕಂಡಿತು. ನಿಶಾ ಅಮ್ಮನನ್ನು ಕೂಗಿ ಕರೆದಳು. ವಿನೋದಾ ಸೆರಗಿನಿಂದ ಒರೆಸಿದಳು. ಬಾಲ್ಕನಿಯ ಗೋಡೆಯ ಸುಣ್ಣ. ಅವತ್ತಿನಿಂದ ಗೋಡೆಗೆ ಒರಗುವುದೂ ನನಗೆ ಬಂದ್.

ತಿಂಗಳು ಕಳೆದು ಸುಲಭಾತಾಯಿ ಖುದ್ದು ಬಂದರು. ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ತಿರುಗಿಸಿ ನೋಡಿದರು, ಕಿವಿಯ ಹಿಂದೆ ನೋಡಿದರು, ಕೊನೆಗೆ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ನಾನು ಮೀನು ಕೊಳ್ಳುವುದು ಹೀಗೆಯೇ. ನನ್ನ ಗಂಡನ ಕಡೆಯವರು ಹೆಣ್ಣು ನೋಡಲು ಬಂದಾಗ ನಾನು ಸೌದೆ ಹೊತ್ತು ತರುತ್ತಿದ್ದೆ. ಅವರು ಸೌದೆಯ ಹೊರೆ ನೋಡಿ ಒಪ್ಪಿದ್ದರು. ಮುಖ ನೋಡಿ ಒಪ್ಪಿಗೆಯಾದದ್ದು ಇದೇ ಮೊದಲು. "ಪಸಂದ್," ಎಂದರು ಸುಲಭಾತಾಯಿ. ನಿಶಾ ಕುಣಿದಳು.

ನಿಶ್ಚಿತಾರ್ಥದ ಊಟಕ್ಕೆ ಯಾವ ಮೀನು ಎಂಬ ಮಾತು ಬಂತು. ಕಾಣೆ ಎನ್ನಬೇಕೋ ಅಂಜಲ್ ಎನ್ನಬೇಕೋ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸುಧಾಕರ ಬೀಗಿತ್ತಿಯ ಕಡೆ ತಿರುಗಿ, "ನೀವೇ ಹೇಳಿ, ತಾಯಿ," ಎಂದ. ಅವರು ಬೆಣ್ಣೆಯ ಮೀನೇ ಇರಲಿ ಎಂದರು. ಸ್ವಲ್ಪ ಯೋಚಿಸಿ, "ಪಣ್ ಆಧೀ ಆಜೀನಾ ದ್ಯಾ," ಎಂದೂ ಸೇರಿಸಿದರು. ಆದರೆ ಮೊದಲು ಅಜ್ಜಿಗೆ ಕೊಡಿ. ಅಂದಿನಿಂದ ನಮ್ಮ ಮನೆಯಲ್ಲಿ ಮೀನು ಆರಿಸುವ ಕೆಲಸ ಅವರದು. ಎಲ್ಲರಿಗಿಂತ ಮೊದಲು ತಿಂದು, ಏನೂ ಆಗದೆ ಕೂತಿರುವ ಕೆಲಸ ನನ್ನದು.