ಎರಡೂವರೆ ಮಹಡಿಯಲ್ಲಿ ಒಂದು ತೀರ್ಮಾನ

ಕಾಗದ ಬಂದದ್ದು ಲಿಫ್ಟ್ ಮೆಕ್ಯಾನಿಕ್ಕನ ಹೆಸರಿಗೆ. ಅದನ್ನು ಮೊದಲು ಓದಿದವರು ಕೆಳಮನೆಯ ಓನರಮ್ಮ.

"ನಿನ್ನೆ ಬಂತು, ಅಂಟು ಬಿಟ್ಟುಹೋಗಿತ್ತು ಕಣಪ್ಪ, ತಾನಾಗೇ ತೆರ್ಕೊಳ್ತು," ಎಂದು ಅವರು ಮೆಟ್ಟಿಲ ಬುಡದಲ್ಲಿ ನಿಂತು ಲಕೋಟೆ ಚಾಚಿದರು. ತಾನಾಗೇ ತೆರೆದುಕೊಂಡ ಲಕೋಟೆಯ ಅಂಚು ಕತ್ತರಿ ಆಡಿಸಿದಷ್ಟು ನೇರವಾಗಿತ್ತು. "ನಿನ್ನನ್ನ ಯಾವುದೋ ಸಣ್ಣ ಊರಿಗೆ ಹಾಕಿದಾರೆ. ಬಸ್ಸಲ್ಲಿ ಒಂಬತ್ತು ಗಂಟೆ ದಾರಿ. ಒಪ್ಪಿಗೆನೋ ಇಲ್ವೋ ಅಂತ ಇವತ್ತು ಸಂಜೆ ಐದರೊಳಗೆ ಬರ್ಕೊಡ್ಬೇಕಂತೆ. ಕೊಡದೆ ಇದ್ರೆ ಒಪ್ಪಿಗೆ ಅಂತಲೇ ಲೆಕ್ಕ. ನಾನೇನೂ ಪೂರ್ತಿ ಓದಿಲ್ಲ."

ಕಂಪನಿಯ ಕಾಗದ ಅಂಚೆಯಲ್ಲೇ ಬರಬೇಕು, ಕೈಯಲ್ಲಿ ಕೊಡಕೂಡದು ಎಂಬುದು ಆ ಲಿಫ್ಟ್ ಕಂಪನಿಯ ನಿಯಮ. ಹಾಗಾಗಿ ದಿನಕ್ಕೆ ಹತ್ತು ಸಲ ಎದುರು ಸಿಗುವ ಮ್ಯಾನೇಜರು ಮೂರು ದಿನದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನ ಎದುರಿಗೇ ಟೀ ಕುಡಿದಿದ್ದರು.

ವರ್ಗಾವಣೆ ಎಂದರೆ ಮೆಕ್ಯಾನಿಕ್ಕನಿಗೆ ಸಿಟ್ಟೇನೂ ಬರುತ್ತಿರಲಿಲ್ಲ. ಅವನ ಮೈ ಉರಿದದ್ದು ನಡುವಿನ ಒಂದು ಸಾಲಿಗೆ: "ತಮಗೆ ಸಂಸಾರದ ಜವಾಬ್ದಾರಿ ಯಾವುದೂ ಇಲ್ಲದಿರುವುದರಿಂದ, ಊರು ಬದಲಿಸಲು ತಮಗೆ ತೊಂದರೆಯಾಗದೆಂದು ಭಾವಿಸಲಾಗಿದೆ."

ಭಾವಿಸಲಾಗಿದೆಯಂತೆ! ಯಾರಪ್ಪ ಭಾವಿಸಿದ್ದು? ಮೂವತ್ತಾರು ವರ್ಷದ ಮನುಷ್ಯ, ಮದುವೆಯಾಗಿಲ್ಲ ಎಂದ ಮಾತ್ರಕ್ಕೆ ಅವನೇನು ಚಕ್ರವಿರುವ ಸೂಟ್‌ಕೇಸೇ, ಎಳೆದತ್ತ ಬರುವುದಕ್ಕೆ? ತಾರಸಿಯ ಈ ಒಂಟಿ ರೂಮಿನಲ್ಲಿ ಹನ್ನೊಂದು ವರ್ಷ ಬದುಕಿದ್ದಾನೆ. ಬಚ್ಚಲ ನಲ್ಲಿಯನ್ನು ಎಡಕ್ಕೆ ಎಷ್ಟು ತಿರುಗಿಸಿ ಬಲಕ್ಕೆ ಎಷ್ಟು ತಿರುಗಿಸಿದರೆ ನೀರು ಬರುತ್ತದೆಂದು ಅವನೊಬ್ಬನಿಗೇ ಗೊತ್ತು. ಕುಂಡದಲ್ಲಿ ಟೊಮೆಟೊ ಗಿಡ ಈಗಷ್ಟೇ ಹೂ ಬಿಟ್ಟಿದೆ. ಓನರಮ್ಮನ ನೀರಿನ ಪಂಪು ಕೆಟ್ಟಾಗಲೆಲ್ಲ ಇಳಿದು ಹೋಗಿ ಅದನ್ನು ಬೈದು, ತಟ್ಟಿ, ಓಡಿಸುವವನೂ ಅವನೇ. ಇದು ಜವಾಬ್ದಾರಿಯಲ್ಲವೇ?

ಹಲ್ಲುಜ್ಜುವಷ್ಟರಲ್ಲಿ ಫೋನು ಬಂತು. ಅಕ್ಕ. ಓನರಮ್ಮ ಆಗಲೇ ಸುದ್ದಿ ಮುಟ್ಟಿಸಿದ್ದರು.

"ಹೋಗ್ಬೇಡ ಕಣೋ. ಆ ಊರಿಗೆ ಹೋದ್ರೆ ನಿನಗೆ ಹುಡುಗಿ ಸಿಗಲ್ಲ."

"ಇಲ್ಲೇನು ಸಿಕ್ಕಿದಾಳಾ ಅಕ್ಕ?"

"ಅದೂ ನಿಜ. ಹಾಗಾದ್ರೆ ಹೋಗು. ಆದ್ರೆ ಅಲ್ಲಿ ಹೋಗಿ ಅಡುಗೆ ಯಾರು ಮಾಡ್ತಾರೆ?"

"ಇಲ್ಲಿ ಯಾರು ಮಾಡ್ತಿದಾರೆ? ನಾನೇ!"

"ಸಿಟ್ಟು ಮಾಡ್ಕೋಬೇಡ. ಇದಕ್ಕೇ ನಿನಗೆ ಹುಡುಗಿ ಸಿಗದೆ ಇರೋದು," ಎಂದು ಅಕ್ಕ ಫೋನಿಟ್ಟಳು.

ಆಫೀಸಿಗೆ ಬಂದಾಗ ಅವನ ಕಿವಿ ಬಿಸಿಯಾಗಿತ್ತು. ಅಲ್ಲಿ ದಿನದ ಮೊದಲ ಕೆಲಸ, ಕಟ್ಟಡದ ಲಿಫ್ಟನ್ನು ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಹಾಕುವುದು. ಸಹಿ ಹಾಕಿದವನದೇ ಆ ದಿನದ ಲಿಫ್ಟು. ಅದು ನಿಂತರೆ ಅವನೇ ಸರಿಮಾಡಬೇಕು, ಬೇರೆಯವರು ಸ್ಕ್ರೂ ಕೂಡ ಮುಟ್ಟುವಂತಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪದವನು ಅಂದು ಬಾಗಿಲಿನ ರೋಲರ್‌ಗೆ ಎಣ್ಣೆ ಬಿಡದೆ, ತಿರುಗಿ ಕೂಡ ನೋಡದೆ, ಕಾಗದ ಹರಿಯುವ ಹಾಗೆ ಸಹಿ ಗೀಚಿದ.

"ಅದೃಷ್ಟವಂತ ಕಣಯ್ಯ ನೀನು!" ಎಂದು ಸೂಪರ್‌ವೈಸರು ಬೆನ್ನು ತಟ್ಟಿದರು. ಅವರದು ಎರಡು ಕೋಣೆಯ ಮನೆ. ಹೆಂಡತಿ, ಮೂರು ಮಕ್ಕಳು, ಅತ್ತೆ, ಅತ್ತೆಯ ತಮ್ಮ. ಒಂದೇ ಬಚ್ಚಲು. "ಒಂಟಿ ಜೀವ. ಬ್ಯಾಗ್ ಹಾಕ್ಕೊಂಡ್ರೆ ಆಯ್ತು. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇಷ್ಟೊತ್ತಿಗೆ ಬಸ್ಸಲ್ಲಿ ಕೂತಿರ್ತಿದ್ದೆ."

"ಹಾಗಾದ್ರೆ ನೀವೇ ಹೋಗಿ ಸಾರ್."

"ನನಗೆ ಸಂಸಾರ ಇದೆಯಲ್ಲಪ್ಪಾ," ಎಂದು ಸೂಪರ್‌ವೈಸರು ಬಿಟ್ಟ ಉಸಿರಿಗೆ ಮೇಜಿನ ಮೇಲಿನ ನಕ್ಷೆ ಎದ್ದು ಹಾರಿತು.

ಮಧ್ಯಾಹ್ನದವರೆಗೆ ಬಂದವರೆಲ್ಲ ತಲೆ ತಿಂದರು. ಹೋಗು ಎನ್ನುವವರಿಗೂ ಅವನು ಒಂಟಿ ಎನ್ನುವುದೇ ಕಾರಣ, ಬೇಡ ಎನ್ನುವವರಿಗೂ ಅದೇ. "ಜ್ವರ ಬಂದ್ರೆ ನೀರು ಕೊಡೋರು ಯಾರಯ್ಯಾ?" ಎಂದು ಟೈಪಿಸ್ಟ್ ಕೇಳಿದಾಗ, "ಜ್ವರಕ್ಕೆ ಗೊತ್ತಾಗುತ್ತಾ ನಾನು ಯಾವ ಊರಲ್ಲಿದೀನಿ ಅಂತ?" ಎಂದು ಅವನು ಕಿರುಚಿದ.

ಎರಡು ಗಂಟೆಗೆ ಆ ಸಣ್ಣ ಊರಿನ ಶಾಖೆಯಿಂದಲೇ ಫೋನು ಬಂತು. ಸ್ಟೋರಿನ ಮೇಡಂ. ನಾಲ್ಕು ವರ್ಷದಿಂದ ತಿಂಗಳಿಗೊಂದು ಸಲ ಕೇಳುವ ದನಿ, ಮುಖ ನೋಡಿದ್ದಿಲ್ಲ.

"ಬಾಗಿಲಿನ ರೋಲರ್ ಹನ್ನೆರಡು ಕೇಳಿದ್ರೆ ಹದಿಮೂರು ಕಳಿಸಿದೀರಲ್ಲ ಮತ್ತೆ? ನಿಮಗೆ ಎಣಿಸೋಕೆ ಬರಲ್ವಾ?"

ಎಣಿಸಲು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಲೆಕ್ಕ ಸರಿಯಿದ್ದರೆ ಆಕೆ ಫೋನು ಮಾಡುವುದಿಲ್ಲ ಎಂದು ಮೊದಲ ವರ್ಷವೇ ತಿಳಿದಿತ್ತು. ಅಂದಿನಿಂದ ಆ ಶಾಖೆಗೆ ಅವನು ಕಟ್ಟಿ ಕಳಿಸುವ ಪ್ರತಿ ಬಿಡಿಭಾಗದ ಪೆಟ್ಟಿಗೆಯಲ್ಲೂ ಒಂದು ರೋಲರ್ ಹೆಚ್ಚಿಗೆ.

"ತಪ್ಪಾಯ್ತು ಮೇಡಂ," ಎಂದ. ಆಮೇಲೆ ತಡೆಯಲಾರದೆ ಕಾಗದದ ಆ ಸಾಲನ್ನು ಓದಿ ಹೇಳಿದ.

ಆ ಕಡೆಯಿಂದ ನಗು. "ಇನ್ನೂ ಅದೇ ಸಾಲಾ? ನನ್ನನ್ನ ಇಲ್ಲಿಗೆ ಹಾಕಿದಾಗಲೂ ಅದನ್ನೇ ಬರೆದಿದ್ರು. ನನಗೆಷ್ಟು ಉರಿದಿತ್ತು ಅಂದ್ರೆ, ಆ ಕಾಗದಾನ ಸ್ಟೋರಿನ ಬಾಗಿಲಿಗೆ ಅಂಟಿಸಿಬಿಟ್ಟಿದೀನಿ. ದಿನಾ ಬೈದು ಒಳಗೆ ಬರ್ತೀನಿ."

"ನಾನೇನು ಮಾಡ್ಲಿ ಮೇಡಂ?"

"ಅದು ನಿಮ್ಮಿಷ್ಟ. ನಾನ್ಯಾರು ಹೇಳೋಕೆ?"

ಬೆಳಗಿನಿಂದ ಅವನಿಗೆ ಬುದ್ಧಿ ಹೇಳದೆ ಇದ್ದದ್ದು ಆಕೆಯೊಬ್ಬಳೇ.

ಆದರೂ ಸಿಟ್ಟು ಸಿಟ್ಟೇ. ಹೂಂ ಎಂದರೆ ಆ ಸಾಲನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಮೂರೂವರೆಗೆ ಅವನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ "ಒಪ್ಪಿಗೆ ಇಲ್ಲ" ಎಂದು ಬರೆದು, ನಾಲ್ಕನೇ ಮಹಡಿಯ ಮ್ಯಾನೇಜರ ಮುಖಕ್ಕೇ ಹಿಡಿಯುವೆನೆಂದು ಲಿಫ್ಟು ಹತ್ತಿದ.

ಲಿಫ್ಟು ಎರಡನೆಯ ಮಹಡಿ ದಾಟಿತು. ಮೂರನೆಯದನ್ನು ತಲುಪಲಿಲ್ಲ. ಎಣ್ಣೆ ಕಾಣದ ರೋಲರು ಕಿರ್‌ರ್ ಎಂದು ಕಚ್ಚಿಕೊಂಡಿತು.

ಮೇಲೆ ಕೈಯಗಲದ ಸಂದಿನಲ್ಲಿ ಮೂರನೇ ಮಹಡಿಯ ನೆಲ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿ ಸೂಪರ್‌ವೈಸರ ಬೂಟು ಬಂದು ನಿಂತಿತು.

"ಸಾರ್, ಮೇಲಿನ ರೂಮಿಗೆ ಹೋಗಿ ಬ್ರೇಕಿನ ಹಿಡಿ ಎತ್ತಿ, ಲಿಫ್ಟು ಇಳಿಯುತ್ತೆ!"

"ಹೇಗಯ್ಯಾ ಎತ್ತಲಿ? ಪುಸ್ತಕದಲ್ಲಿ ಸಹಿ ನಿಂದು. ನೀನೇ ಸರಿಮಾಡ್ಬೇಕು."

"ನಾನು ಒಳಗಿದೀನಿ ಸಾರ್!"

"ಅದೇ ತೊಂದರೆ ಆಗಿರೋದು," ಎಂದು ಸೂಪರ್‌ವೈಸರು ಬಹಳ ಯೋಚಿಸಿ ಒಪ್ಪಿಕೊಂಡರು. ನಿಯಮದಂತೆ ಮೆಕ್ಯಾನಿಕ್ ತನ್ನ ಅಧಿಕಾರವನ್ನು ಬೇರೆಯವರಿಗೆ ಬರೆದುಕೊಡಬೇಕು, ಅದಕ್ಕೆ ಮ್ಯಾನೇಜರ ಸಹಿ ಬೀಳಬೇಕು. ಬರೆದು ಸಂದಿಯಲ್ಲಿ ತೂರಿಸಿದ. "ಮ್ಯಾನೇಜರ ಹತ್ರ ಯಾರೋ ಹೆಂಗಸರು ಕೂತಿದಾರೆ. ಅವರು ಹೋದ ಮೇಲೆ ಕೇಳ್ತೀನಿ," ಎಂದು ಬೂಟು ಹೊರಟುಹೋಯಿತು.

ಮೆಕ್ಯಾನಿಕ್ ಒದ್ದ, ಗುದ್ದಿದ, ಕಂಪನಿಯನ್ನು ಬಾಯಿಗೆ ಬಂದಂತೆ ಬೈದ. ಬೈದು ಸುಸ್ತಾಗಿ ನೆಲದ ಮೇಲೆ ಕುಳಿತ.

ಆಗ ಅವನಿಗೆ ಒಂದು ವಿಚಿತ್ರ ಗೊತ್ತಾಯಿತು. ಸದ್ದಿಲ್ಲ. ಅಕ್ಕ ಇಲ್ಲ, ಓನರಮ್ಮ ಇಲ್ಲ, ಬೆನ್ನು ತಟ್ಟುವವರಿಲ್ಲ. ಇಡೀ ದಿನದಲ್ಲಿ ಮೊದಲ ಸಲ ಅವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ಸಿಟ್ಟಿನ ಅಡಿಯಲ್ಲಿ ಏನಿತ್ತು? ಆಸೆ ಇತ್ತು. ಆ ಊರಿಗೆ ಹೋಗಬೇಕು. ಬೈಸಿಕೊಂಡ ಕಾಗದ ಅಂಟಿಸಿರುವ ಆ ಬಾಗಿಲನ್ನು ನೋಡಬೇಕು. ತನ್ನ ಕಾಗದವನ್ನೂ ಅದರ ಪಕ್ಕದಲ್ಲೇ ಅಂಟಿಸಬೇಕು. ಟೊಮೆಟೊ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಹೋದರಾಯಿತು.

ಚೀಟಿಯಲ್ಲಿ "ಇಲ್ಲ" ಎಂಬುದನ್ನು ಹೊಡೆದುಹಾಕಿದ. ಕೆಳಗೆ ಬರೆದ: "ಸಂಸಾರ ಇಲ್ಲವೆಂದಲ್ಲ. ನನ್ನ ಇಷ್ಟದಿಂದ ಹೋಗುತ್ತಿದ್ದೇನೆ." ಓದಿಕೊಂಡಾಗ ಎದೆ ಹಗುರವಾಯಿತು.

ಲಿಫ್ಟು ಅಲುಗಿ ಎರಡನೇ ಮಹಡಿಗೆ ಇಳಿದಾಗ ಐದಕ್ಕೆ ಹತ್ತು ನಿಮಿಷ. ಬಾಗಿಲು ತೆರೆದದ್ದೇ ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮ್ಯಾನೇಜರ ಕೋಣೆಗೆ ನುಗ್ಗಿದ. ಅಲ್ಲಿ ಓನರಮ್ಮ ಕುಳಿತು ಟೀ ಕುಡಿಯುತ್ತಿದ್ದರು.

"ಬನ್ರೀ ಮದುಮಗ!" ಎಂದು ಮ್ಯಾನೇಜರು ಎದ್ದು ಬಂದು ಕೈ ಕುಲುಕಿದರು. "ಮದುವೆ ನಿಶ್ಚಯ ಆಗಿದೆ ಅಂತ ಒಂದು ಮಾತು ಹೇಳಬಾರದಾ? ಈ ಅಮ್ಮ ಬಂದು ಹೇಳದೆ ಇದ್ದಿದ್ರೆ ಎಂಥ ಅನ್ಯಾಯ ಆಗ್ತಿತ್ತು! ನಿಮ್ಮ ವರ್ಗಾವಣೆ ರದ್ದು."

ಓನರಮ್ಮ ಟೀ ಲೋಟದ ಮರೆಯಲ್ಲಿ ಕಣ್ಣು ಮಿಟುಕಿಸಿದರು.

"ಮದುವೆಯೂ ಇಲ್ಲ, ಮಣ್ಣೂ ಇಲ್ಲ!" ಮೆಕ್ಯಾನಿಕ್ ಕೂಗಿದ. "ನಾನು ಹೋಗ್ತೀನಿ ಸಾರ್! ಇಲ್ನೋಡಿ ಚೀಟಿ!"

ಮ್ಯಾನೇಜರು ಚೀಟಿ ಓದಿದರು. ಅವರ ಕಣ್ಣು ಒದ್ದೆಯಾಯಿತು. "ನೋಡಿದ್ರಾ ಅಮ್ಮಾ? ಮದುವೆ ಗೊತ್ತಾಗಿದ್ರೂ ಕಂಪನಿಗೋಸ್ಕರ ಹೋಗ್ತೀನಿ ಅಂತಾನೆ. ಇಂಥವನನ್ನ ನಾನು ಕಳಿಸ್ತೀನಾ? ಸಾಧ್ಯವೇ ಇಲ್ಲ. ಅಲ್ದೆ ಆ ಜಾಗಕ್ಕೆ ನಮ್ಮ ಸೂಪರ್‌ವೈಸರು ಆಗಲೇ ಒಪ್ಪಿ ಸಹಿ ಹಾಕಿ ಆಯ್ತು. ಮಕ್ಕಳ ಸ್ಕೂಲಿದೆಯಂತೆ, ಸಂಸಾರ ಇಲ್ಲೇ ಇರುತ್ತಂತೆ. ಪಾಪ, ಎಂಥ ತ್ಯಾಗ! ಆ ಶಾಖೆಗೂ ಫೋನ್ ಮಾಡಿ ಎಲ್ಲಾ ಹೇಳಿದೀನಿ."

"ಎಲ್ಲಾ ಅಂದ್ರೆ?"

"ನಿಮ್ಮ ಮದುವೆ ವಿಷಯಾನೂ."

ಹೊರಗೆ ಬಂದಾಗ ಓನರಮ್ಮ ತೋಳು ಹಿಡಿದು ಪಿಸುಗುಟ್ಟಿದರು. "ಹೇಗೆ ಉಳಿಸಿದೆ ನೋಡು! ಮನೆಗೆ ಬಂದವನೇ ಆ ಪಂಪು ಸ್ವಲ್ಪ ನೋಡಪ್ಪಾ. ಬೆಳಿಗ್ಗೆಯಿಂದ ಗೊರ ಗೊರ ಅಂತಿದೆ."

ಅವನು ಉತ್ತರ ಕೊಡುವ ಮೊದಲೇ ಟೈಪಿಸ್ಟ್ ಕರೆದಳು. ಫೋನು. ಸ್ಟೋರಿನ ಮೇಡಂ. ಮದುಮಗನ ಮಾತು ಕೇಳಲು ಇಡೀ ಆಫೀಸು ಕೈ ಕಟ್ಟಿ ಸುತ್ತ ನಿಂತಿತು.

"ಮದುವೆಯಂತೆ. ಒಳ್ಳೇದಾಗ್ಲಿ," ಎಂದಿತು ದನಿ. ನಗುವಿರಲಿಲ್ಲ.

"ಮೇಡಂ, ಕೇಳಿ ಇಲ್ಲಿ, ಅದು ಸುಳ್ಳು..."

"ಹೆಚ್ಚಿಗೆ ಬಂದ ರೋಲರ್ ಎಲ್ಲಾ ಒಂದು ಡಬ್ಬದಲ್ಲಿ ಬೇರೆ ಎತ್ತಿಟ್ಟಿದ್ದೆ. ನಲವತ್ತೊಂದು ಇದಾವೆ. ನೀವು ಲೆಕ್ಕ ತಪ್ಪೋರಲ್ಲ ಅಂತ ನನಗೆ ಮೊದಲಿಂದ ಗೊತ್ತಿತ್ತು. ಇರ್ಲಿ. ನಾಳೆ ವಾಪಸ್ ಕಳಿಸಿಬಿಡ್ತೀನಿ."

ಫೋನು ಕಟ್ಟಾಯಿತು.

ಅವನು ತಿರುಗಿ ಡಯಲ್ ಮಾಡಿದ. ಲೈನು ಬಿಡುವಿರಲಿಲ್ಲ. ಮತ್ತೆ ಮಾಡಿದ. ಮತ್ತೂ ಬಿಡುವಿಲ್ಲ. ಇಷ್ಟು ಬೇಗ ಇನ್ಯಾರು ಆಕೆಗೆ ಫೋನು ಮಾಡಿದರೆಂದು ತಲೆಯೆತ್ತಿದರೆ, ಗಾಜಿನ ಗೋಡೆಯಾಚೆ ಸೂಪರ್‌ವೈಸರು ಮೇಜಿನ ಮೇಲೆ ಕಾಲು ಚಾಚಿ, ರಿಸೀವರನ್ನು ಕಿವಿಗೆ ಒತ್ತಿಕೊಂಡು ನಗುತ್ತಿದ್ದರು. ಅರ್ಧ ತೆರೆದ ಬಾಗಿಲಿನಿಂದ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಹ್ಞೂಂ ಮೇಡಂ, ಸಣ್ಣ ರೂಮಾದ್ರೂ ಸಾಕು. ನಾನೊಬ್ಬನೇ ಬರ್ತಿರೋದು. ಅಲ್ಲಿ ನನಗೆ ಸಂಸಾರದ ಜವಾಬ್ದಾರಿ ಯಾವುದೂ ಇರಲ್ಲ ನೋಡಿ!"